18 ಅನ್ನು 60 ಮಾಡಿದ ಮೇಲೆ

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನಾನು ಮಾಡಿದ ಒಂದು ಅಧಿಕಪ್ರಸಂಗವನ್ನು ಹೇಳಿಬಿಡುತ್ತೇನೆ. ರನ್‌ವೇ ಇನ್ನೂ ಮೂವತ್ತು ನಾಟಿಕಲ್ ಮೈಲಿ ದೂರವಿರುವಾಗಲೇ ಐಎಲ್‌ಎಸ್ (ಮೋಡದಲ್ಲೂ ರನ್‌ವೇಗೆ ದಾರಿ ತೋರಿಸುವ ರೇಡಿಯೊ ವ್ಯವಸ್ಥೆ) ತರಂಗಾಂತರ ಹಾಕಿ ಕಾಯುವುದು ನನ್ನ ಚಾಳಿ. ದಾರಿ ತೋರುವ ಫಲಕದ ಮುಳ್ಳು ಮಾತ್ರ ಮಿಸುಕಾಡುತ್ತಿರಲಿಲ್ಲ. ಸಿಟ್ಟು ಬಂದು ಡೇಟಾ ಫೈಲ್ ತೆರೆದೆ. ಲೋಕಲೈಜರ್, ಅಂದರೆ ಎಡ-ಬಲದ ದಾರಿ ತೋರಿಸುವ ಐಎಲ್‌ಎಸ್ ಸಿಗ್ನಲ್‌ನ ಸಾಲಿನಲ್ಲಿ ವ್ಯಾಪ್ತಿ 18 ಮೈಲಿ ಎಂದಿತ್ತು. 60 ಎಂದು ತಿದ್ದಿದೆ. ಒಂದನ್ನಲ್ಲ, ಕಣ್ಣಿಗೆ ಬಿದ್ದವನ್ನೆಲ್ಲ.

ಎರಡು ದಿನ ಸುಖವಾಗಿದ್ದೆ. ಮೂರನೆಯ ದಿನ ದಟ್ಟ ಮೋಡದಲ್ಲಿ ಇಳಿಯುತ್ತಿದ್ದೆ. ಮುಳ್ಳು ನಡುವಿಗೆ ಬಂತು, ಆಟೋಪೈಲಟ್ ಅದನ್ನು ಹಿಡಿಯಿತು, ವಿಮಾನ ಬಲು ವಿನಯದಿಂದ ತಿರುಗಿತು. ಎಲ್ಲೋ ಎಡವಟ್ಟಾಗಿದೆ ಅನ್ನಿಸಿ ಐಎಲ್‌ಎಸ್ ತನ್ನ ಗುರುತಿನ ಅಕ್ಷರಗಳನ್ನು ಬೀಪ್ ಸದ್ದಿನಲ್ಲಿ ಸಾರುವ ಮೋರ್ಸ್ ಗುರುತಿಗೆ ಕಿವಿಗೊಟ್ಟೆ. ಬರುತ್ತಿದ್ದದ್ದು ಬೇರೆ ನಿಲ್ದಾಣದ ಅಕ್ಷರಗಳು!

ಜಗತ್ತಿನ ಲೋಕಲೈಜರ್‌ಗಳಿಗೆಲ್ಲ ಇರುವುದು 108.10ರಿಂದ 111.95 ಮೆಗಾಹರ್ಟ್ಸ್‌ವರೆಗಿನ 40 ಚಾನೆಲ್‌ಗಳು ಮಾತ್ರ. ಹಾಗಾಗಿ ಒಂದೇ ತರಂಗಾಂತರವನ್ನು ಹಲವು ನಿಲ್ದಾಣಗಳು ಹಂಚಿಕೊಳ್ಳುತ್ತವೆ. ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರದಷ್ಟು ಅಂತರವಿಟ್ಟೇ ಚಾನೆಲ್ ಕೊಟ್ಟಿರುತ್ತಾರೆ. ಆ ಅಂತರವನ್ನು ನಾನು ಒಂದು ಕೀಲಿಮಣೆಯಿಂದ ಅಳಿಸಿಹಾಕಿದ್ದೆ.

'ಸಿಗ್ನಲ್ ಸಿಗುತ್ತಿಲ್ಲ, ಸಿಮ್ಯುಲೇಟರ್ ಕೆಟ್ಟಿದೆ' ಎನ್ನುವವರಿಗೆ ನನ್ನದೊಂದು ಪ್ರಶ್ನೆ: ನೀವು ಎಷ್ಟು ಎತ್ತರದಲ್ಲಿದ್ದಿರಿ? ಗ್ಲೈಡ್ ಸ್ಲೋಪ್‌ಗೆ (ಇಳಿಯಬೇಕಾದ ಇಳಿಜಾರನ್ನು ತೋರಿಸುವ ಐಎಲ್‌ಎಸ್‌ನ ಇನ್ನೊಂದು ಸಿಗ್ನಲ್) ಸಾಮಾನ್ಯವಾಗಿ ಖಾತರಿ ಕೊಡುವುದು 10 ಮೈಲಿಗೆ, ಅದೂ ರನ್‌ವೇ ಮಧ್ಯರೇಖೆಯ ಎರಡೂ ಬದಿಗೆ ಎಂಟೆಂಟು ಡಿಗ್ರಿಯೊಳಗೆ. ಮೂರು ಡಿಗ್ರಿಯ ಇಳಿಜಾರು ಅಷ್ಟು ದೂರದಲ್ಲಿ ರನ್‌ವೇ ಮಟ್ಟದಿಂದ ಸುಮಾರು 3,200 ಅಡಿ ಮೇಲಿರುತ್ತದೆ. ನೀವು 6,000 ಅಡಿಯಲ್ಲೇ ಹಟ ಹಿಡಿದು ಕುಳಿತರೆ ಇಳಿಜಾರನ್ನು ಸಂಧಿಸಬೇಕಾದ ಜಾಗ 19 ಮೈಲಿಯ ಹತ್ತಿರ ಹೋಗುತ್ತದೆ. ಅಲ್ಲಿ ಸಿಗ್ನಲ್ ಸಿಗಲೇಬೇಕೆಂಬ ಕರಾರು ಯಾರೂ ಮಾಡಿಕೊಂಡಿಲ್ಲ. ಮುಳ್ಳು ಸತ್ತಿದೆ ಎಂದುಕೊಂಡು ಹಾರುತ್ತಲೇ ಇರುತ್ತೀರಿ. ಅದು ಎಚ್ಚೆತ್ತಾಗ ನೀವು ಇಳಿಜಾರಿನ ಮೇಲಿರುತ್ತೀರಿ, ಮೂಗು ಕೆಳಗೆ ಮಾಡಿ ಬೆನ್ನಟ್ಟುತ್ತೀರಿ. ನಿಜವಾದ ಆಕಾಶದಲ್ಲಿ ಇನ್ನೂ ಮೇಲೆ, ಸುಮಾರು ಒಂಬತ್ತು ಡಿಗ್ರಿಯಲ್ಲಿ, ಸುಳ್ಳು ಇಳಿಜಾರೂ ಕಾದಿರುತ್ತದೆ. ಕೆಳಗಿನಿಂದಲೇ ಹೋಗಿ ಸೇರಿಕೊಳ್ಳಬೇಕು ಎನ್ನುವುದು ಅದಕ್ಕೇ.

ಹಾಗೆಂದು ಸಿಮ್ಯುಲೇಟರ್ ಮಾಡುವವರನ್ನು ಪೂರ್ತಿ ಬಿಡುವುದಿಲ್ಲ. ಲೋಕಲೈಜರ್ ವ್ಯಾಪ್ತಿ ಅಂತರರಾಷ್ಟ್ರೀಯ ನಿಯಮದಲ್ಲಿ ಮಧ್ಯರೇಖೆಯ ಆಚೀಚೆ 10 ಡಿಗ್ರಿಯೊಳಗೆ 25 ಮೈಲಿ, 35 ಡಿಗ್ರಿಯವರೆಗೆ 17 ಮೈಲಿ. ಅಮೆರಿಕದಲ್ಲಿ 18 ಮತ್ತು 10. ಇವು ಇಷ್ಟರೊಳಗೆ ನಂಬಬಹುದು ಎಂಬ ಭರವಸೆಗಳು, ಗೋಡೆಗಳಲ್ಲ. ನಿಜದಲ್ಲಿ ಅಂಚು ದಾಟಿದ ಮೇಲೂ ಸಿಗ್ನಲ್ ಸಿಗಬಹುದು, ಸಿಗ್ನಲ್ ನಂಬಬೇಡ ಎನ್ನುವ ಕೆಂಪು ಫ್ಲ್ಯಾಗ್ ಇಣುಕಿ ಮರೆಯಾಗಬಹುದು, ಗುಡ್ಡ ಅಡ್ಡ ಬಂದರೆ ಒಳಗಿದ್ದೂ ಕೈಕೊಡಬಹುದು. ನನ್ನ ಸಿಮ್ಯುಲೇಟರ್‌ನಲ್ಲಿ 18.1ಕ್ಕೆ ಪೂರ್ತಿ ಕತ್ತಲೆ, 17.9ಕ್ಕೆ ಪೂರ್ತಿ ಬೆಳಕು. ಮನೆಯ ಸ್ವಿಚ್ ಒತ್ತಿದ ಹಾಗೆ. ಈ ಕಡ್ಡಿ ಮುರಿದಂಥ ಗಡಿಯೇ ನಮ್ಮಂಥವರನ್ನು ಫೈಲ್ ತಿದ್ದಲು ಕೂರಿಸುವುದು.

ಹಳೆಯ ಫೈಲನ್ನು ಮತ್ತೆ ಹಾಕಿದ್ದೇನೆ. ಈಗ 3,000 ಅಡಿಗೆ ಮೊದಲೇ ಇಳಿದು, ಮಧ್ಯರೇಖೆಗೆ ಮೂವತ್ತು ಡಿಗ್ರಿ ಓರೆಯಲ್ಲಿ ಸಾಗುತ್ತಾ ಕಾಯುತ್ತೇನೆ. ನಿನ್ನೆ ಹದಿನೇಳು ಮೈಲಿಯಲ್ಲಿ ಮೋರ್ಸ್ ಕೇಳಿಸಿತು. ಮೂರೂ ಅಕ್ಷರ ತಾಳೆ ನೋಡಿದ ಮೇಲೆಯೇ ಆಟೋಪೈಲಟ್‌ಗೆ ಐಎಲ್‌ಎಸ್ ಹಿಡಿಯಲು ಹೇಳುವ ಅಪ್ರೋಚ್ ಗುಂಡಿ ಒತ್ತಿದೆ.