ನೆಂಟರು ಬರುವ ದಿನ ಬಾಣಲೆ ಇಡಬೇಡಿ

ಇದು ನನ್ನ ಖಡಾಖಂಡಿತ ಅಭಿಪ್ರಾಯ. ಬೈಯುವವರು ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಬಹುದು.

ಮೈಸೂರಿನಲ್ಲಿ ಮನೆ ಇದ್ದವರಿಗೆ ದಸರಾ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬೆಂಗಳೂರಿನ ನೆಂಟರು, ಮಂಡ್ಯದ ನೆಂಟರು, ಅವರ ಜೊತೆ ಅವರ ಪಕ್ಕದ ಮನೆಯವರು. ಲೈಟಿಂಗ್ ನೋಡಬೇಕು, ಎಕ್ಸಿಬಿಷನ್ನಿಗೆ ಹೋಗಬೇಕು. ಸಂಜೆಯಾದರೆ ಗೊಂಬೆ ನೋಡೋಕೆ ಬರುವ ಬೀದಿಯ ಮಕ್ಕಳು ಬೇರೆ. ಎಲ್ಲರೂ ಹಾಲ್‌ನಲ್ಲಿ ಕೂತು ಹಳೇ ಕಥೆ ತೆಗೆದು ನಗುತ್ತಿರುತ್ತಾರೆ. ಒಬ್ಬಳು ಮಾತ್ರ ಒಳಗೆ ಬೋಂಡ ಬಿಡುತ್ತಾ ನಿಂತಿರುತ್ತಾಳೆ. "ಇನ್ನೊಂದು ಒಬ್ಬೆ ಬಿಸಿಬಿಸಿ ಬರಲಿ" ಅಂತ ಹೊರಗಿಂದ ಕೂಗು. ಬೋಂಡದ ಕಷ್ಟವೇ ಅದು. ಮುಂಚೆ ಮಾಡಿಡೋ ಹಾಗಿಲ್ಲ, ಆರಿದರೆ ಯಾರೂ ಮುಟ್ಟಲ್ಲ.

ಅದಕ್ಕೇ ನಾನು ಚೀಸ್ ಕಡ್ಡಿಗೆ ಬಂದೆ. ಹಿಂದಿನ ದಿನವೇ ಓಟಿಜಿಯಲ್ಲಿ (ಕರೆಂಟಿನ ಪುಟ್ಟ ಓವನ್) ಬೇಯಿಸಿ ಡಬ್ಬಕ್ಕೆ ತುಂಬಿಟ್ಟರೆ ಆಯ್ತು. ನೆಂಟರು ಬಂದಾಗ ಡಬ್ಬ ಬಿಚ್ಚಿ, ಕಾಫಿ ಬೆರೆಸಿ, ನಾನೂ ಹಾಲ್‌ನಲ್ಲಿ ಕೂರುತ್ತೇನೆ.

ಇದೇನು ನಾನು ಕಂಡುಹಿಡಿದಿದ್ದಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮದುವೆ, ಕ್ರಿಸ್‌ಮಸ್, ನಾಲ್ಕು ಜನ ಸೇರುವ ಯಾವ ಕಾರ್ಯಕ್ಕೂ 'ಚೀಸ್ ಸ್ಟ್ರಾ' ಮಾಡುತ್ತಾರೆ. ಹುಳಿ ಜಾಸ್ತಿ ಇರುವ ಚೆಡ್ಡಾರ್ ಚೀಸ್, ಬೆಣ್ಣೆ, ಮೈದಾ, ಖಾರದ ಪುಡಿ, ಅಷ್ಟೇ. ಅದನ್ನು ನಕ್ಷತ್ರದ ತೂತಿರುವ ಒಂದು ಪ್ರೆಸ್‌ನಲ್ಲಿ ಒತ್ತುತ್ತಾರೆ. ವಿಡಿಯೋದಲ್ಲಿ ನೋಡಿ ನನಗೆ ನಗು ಬಂತು. ನಮ್ಮ ಚಕ್ಕುಲಿ ಒರಳೇ ಅಲ್ವಾ ಅದು! ಅಟ್ಟದ ಮೇಲಿದ್ದ ಹಿತ್ತಾಳೆ ಒರಳು ಕೆಳಗಿಳಿಯಿತು.

ಅಳತೆ ಕೇಳುವವರಿಗೆ: ಮೈದಾ 200 ಗ್ರಾಂ, ಚೀಸ್ 200 ಗ್ರಾಂ (8 ಕ್ಯೂಬ್ ಇರುವ ಒಂದು ಡಬ್ಬಿ), ಉಪ್ಪಿಲ್ಲದ ಬೆಣ್ಣೆ 125 ಗ್ರಾಂ, ಅಕ್ಕಿ ಹಿಟ್ಟು 2 ಚಮಚ, ಖಾರದ ಪುಡಿ 1 ಚಮಚ, ಚಿಟಿಕೆ ಸಾಸಿವೆ ಪುಡಿ, ಅಂಗೈಯಲ್ಲಿ ತಿಕ್ಕಿದ ಓಮ. ಉಪ್ಪು ಬೇಡ, ಚೀಸ್‌ನಲ್ಲೇ ಬೇಕಾದಷ್ಟಿದೆ. ಬ್ಯಾಡಗಿ ಪುಡಿ ಹಾಕಿದರೆ ಬಣ್ಣ ಚೆನ್ನ, ಗುಂಟೂರು ಹಾಕಿದರೆ ಖಾರ. ನಾನು ಎರಡನ್ನೂ ಬೆರೆಸುತ್ತೇನೆ.

ಚೀಸ್ ತುರಿಯುವಾಗ ಮಾತ್ರ ಸೋಮಾರಿತನ ಮಾಡಬೇಡಿ. ಶುಂಠಿ ತುರಿಯುವ ಸಣ್ಣ ತೂತಿನ ಕಡೆಯಲ್ಲೇ ತುರಿಯಬೇಕು. ದಪ್ಪ ಎಳೆ ಉಳಿದರೆ ಅದು ಬಿಲ್ಲೆಯ ತೂತಿಗೆ ಸಿಕ್ಕಿಕೊಂಡು, ಕಡ್ಡಿ ಒಂದು ಕಡೆ ಹರಿದು ಸೊಟ್ಟಗೆ ಇಳಿಯುತ್ತದೆ. ಬೆಣ್ಣೆ ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಮನೆ ಬೆಣ್ಣೆಯಾದರೆ ಮಜ್ಜಿಗೆ ನೀರು ಹೋಗುವ ಹಾಗೆ ತೊಳೆದು ಹಿಂಡಿ. ಮೊದಲು ಬೆಣ್ಣೆ, ಚೀಸ್ ಎರಡನ್ನೂ ಚೆನ್ನಾಗಿ ನಾದಿ, ಆಮೇಲೆ ಹಿಟ್ಟು ಸೇರಿಸಿ.

ನೀರು? ಒಂದು ಹನಿಯೂ ಬೇಡ. ನಾವು ತಿನ್ನುವ ಪ್ರೊಸೆಸ್ಡ್ ಚೀಸ್‌ನಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಮೇಲೆ ನೀರು ಹಾಕಿ ನಾದಿದರೆ ಮೈದಾಗೆ ಜಿಗುಟು ಬಂದು ಕಡ್ಡಿ ಗಟ್ಟಿಯಾಗುತ್ತದೆ. ಚಕ್ಕುಲಿ ಹಿಟ್ಟಿಗೆ ಕಾದ ಎಣ್ಣೆ ಹಾಕುವುದೂ, ಇಲ್ಲಿ ಬೆಣ್ಣೆ ಹಾಕುವುದೂ ಒಂದೇ ಕಾರಣಕ್ಕೆ. ಜಿಡ್ಡು ಹಿಟ್ಟನ್ನು ಸುತ್ತಿಕೊಂಡರೆ ಬಾಯಲ್ಲಿಟ್ಟಾಗ ಪುಡಿಯಾಗುತ್ತದೆ.

ಉದ್ದಕ್ಕೆ ಒತ್ತಿ, ಬೆರಳುದ್ದ ಕತ್ತರಿಸಿ, 180 ಡಿಗ್ರಿಯಲ್ಲಿ 15 ನಿಮಿಷದ ಆಸುಪಾಸು. ನಕ್ಷತ್ರದ ಏಣುಗಳು ಮೊದಲು ಕೆಂಪಾಗುತ್ತವೆ, ಮಧ್ಯದ ಗೆರೆ ಇನ್ನೂ ಹಳದಿಯಾಗಿಯೇ ಇರುತ್ತದೆ. ತೆಗೆಯಬೇಕಾದ್ದು ಆಗಲೇ. ಮುಟ್ಟಿದರೆ ಮೆತ್ತಗಿದೆ ಅಂತ ಮತ್ತೆ ಒಳಗಿಡಬೇಡಿ, ಆರಿದ ಮೇಲೇ ಗರಿಗರಿ. ಜಾಸ್ತಿ ಬೆಂದರೆ ಚೀಸ್ ಕಹಿಯಾಗುತ್ತದೆ.

ಇನ್ನು ಹಿರಿಯರ ವಿಷಯ. ನಮ್ಮ ಸೋದರತ್ತೆ ಕಡ್ಡಿಯನ್ನು ಕೈಯಲ್ಲಿ ಹಿಡಿದು ಕೇಳಿದ್ದರು, "ಚೀಸ್‌ಗೆ ಕರುವಿನ ಹೊಟ್ಟೆಯದ್ದು ಏನೋ ಹಾಕ್ತಾರಂತಲ್ಲೇ?" ಸುಮ್ನೆ ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುವ ಪದ್ಧತಿ ಯುರೋಪಿನಲ್ಲಿ ಹಳೆಯದು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್‌ಗೆ ಇವತ್ತಿಗೂ ಅದೇ ಬೇಕು. ಆದರೆ ನಮ್ಮಲ್ಲಿ ಹಸಿರು ಚುಕ್ಕೆ ಹಾಕಿ ಮಾರುವ ಚೀಸ್‌ಗೆ ಪ್ರಾಣಿಯ ರೆನೆಟ್ ಹಾಕುವ ಹಾಗಿಲ್ಲ. ಅದಕ್ಕೆ ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಇದೆ. ಡಬ್ಬಿ ತಂದು ಚುಕ್ಕೆ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಓದಿ, ಒಂದು ತಿಂದು, "ಖಾರ ಸಾಲದು ಕಣೇ" ಅಂದರು. ಆಮೇಲೆ ತಟ್ಟೆ ಅವರ ಹತ್ತಿರವೇ ಉಳಿಯಿತು.

ದೇವರ ನೈವೇದ್ಯಕ್ಕೆ ಇದನ್ನು ಇಡಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿಗೆ ಗುಗ್ಗರಿ, ಸಜ್ಜಪ್ಪ ಇವೆ. ಗೊಂಬೆ ಬಾಗಿನಕ್ಕೆ ಬರುವ ಮಕ್ಕಳಿಗೂ ಗುಗ್ಗರಿ ಜೊತೆ ಎರಡು ಕಡ್ಡಿ ಕೊಟ್ಟು ನೋಡಿ, ಮಾರನೇ ದಿನ ಯಾವ ಮನೆಗೆ ಮೊದಲು ಬರುತ್ತವೆ ಅಂತ ಗೊತ್ತಾಗುತ್ತದೆ.

ಖರ್ಚು ಚಕ್ಕುಲಿಗಿಂತ ಜಾಸ್ತಿ, ಒಪ್ಪುತ್ತೇನೆ. ಆರೋಗ್ಯಕ್ಕೆ ಒಳ್ಳೆಯದು ಅಂತಲೂ ಹೇಳಲ್ಲ, ಮೈದಾ, ಬೆಣ್ಣೆ, ಚೀಸ್ ಮೂರೂ ಸೇರಿದ ಮೇಲೆ ಏನು ಆರೋಗ್ಯ! ಕರಿದಿಲ್ಲ ಅಂತ ತಟ್ಟೆಗಟ್ಟಲೆ ತಿನ್ನುವವರನ್ನು ನೋಡಿದ್ದೇನೆ. ಮಳೆ ಹಿಡಿದ ದಿನ ಡಬ್ಬದಲ್ಲಿ ಮೆತ್ತಗಾದರೆ 150 ಡಿಗ್ರಿಯಲ್ಲಿ 5 ನಿಮಿಷ ಇಟ್ಟು ಆರಿಸಿ, ಮತ್ತೆ ಗರಿಗರಿ. ಬೋಂಡಕ್ಕೆ ಆ ಭಾಗ್ಯ ಇಲ್ಲ.

"ಏನೇ ಹೇಳು, ಬೋಂಡದ ಮುಂದೆ ಇದು ಯಾವ ಲೆಕ್ಕ" ಅನ್ನುವ ಭಾವಂದಿರು, ಮಾವಂದಿರು ನಮ್ಮ ಮನೆಯಲ್ಲೂ ಇದ್ದಾರೆ. ಬೋಂಡ ರುಚಿಯಿಲ್ಲ ಅಂತ ನಾನೆಲ್ಲಿ ಅಂದೆ? ಹಿಟ್ಟು ಕಲಸಿ, ಎಣ್ಣೆ ಕಾಯಿಸಿ ಕೊಡುತ್ತೇನೆ, ಈ ದಸರಾಕ್ಕೆ ಬಾಣಲೆ ಮುಂದೆ ಅವರು ನಿಲ್ಲಲಿ. ಇನ್ನೊಂದು ಒಬ್ಬೆ ಬರಲಿ ಅಂತ ಹಾಲ್‌ನಿಂದ ನಾನು ಕೂಗುತ್ತೇನೆ.