ಬೇಲಿಗೆ ಓತಿಕೇತ ಸಾಕ್ಷಿ

ನನ್ನ ಫೋನಿನಲ್ಲಿ ಅಂತರಗಂಗೆ ಬೆಟ್ಟದ 117 ಫೋಟೋಗಳಿವೆ. ಎಲ್ಲಾ ಒಂದೇ ಬೆಳಗಿನವು. ಅದರಲ್ಲಿ 60ಕ್ಕೂ ಜಾಸ್ತಿ ಮೆಟ್ಟಿಲುಗಳ ಆಸುಪಾಸಿನವೇ. ಅಲ್ಲಿ ಅಂಥ ನೋಟವೇನೂ ಇಲ್ಲ. ಒಂದು ಕೋತಿ, ಅದರ ಹೊಟ್ಟೆಗೆ ಅಂಟಿಕೊಂಡ ಮರಿ, ಒಂದು ಬೇವಿನ ಕೊಂಬೆ, ಆಮೇಲೆ ಮತ್ತೆ ಅದೇ ಕೋತಿ. ನೋಡಿದವರು ‘ಇವಳಿಗೇನು ಕೋತಿ ಮೇಲೆ ಇಷ್ಟು ಪ್ರೀತಿ’ ಅಂದುಕೊಳ್ಳಬೇಕು. ನಿಜ ಏನೆಂದರೆ ಅವೆಲ್ಲ ನನಗೆ ಏದುಸಿರು ಬಂದ ಜಾಗಗಳು.

52 ವರ್ಷದ ಹೆಂಗಸು ಮೆಟ್ಟಿಲ ಮಧ್ಯೆ ಸೊಂಟದ ಮೇಲೆ ಕೈಯಿಟ್ಟು ನಿಂತರೆ, ಹಿಂದೆ ಬರುವ ಕಾಲೇಜು ಹುಡುಗರು ‘ಆಂಟಿ, ನೀರು ಬೇಕಾ?’ ಎನ್ನುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳುವುದು. ಆದರೂ ಚುರುಕ್ ಅನ್ನುತ್ತದೆ. ಅದೇ ಜಾಗದಲ್ಲಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನಿಂತು ನೋಡಿ. ಅದೇ ಹುಡುಗರು ‘ಸಾರಿ ಆಂಟಿ’ ಎಂದು ಫೋಟೋಗೆ ಅಡ್ಡ ಬರದ ಹಾಗೆ ಬಗ್ಗಿಕೊಂಡು ಓಡುತ್ತಾರೆ. ಸುಸ್ತಾದವಳಿಗೆ ಕನಿಕರ, ಫೋಟೋ ತೆಗೆಯುವವಳಿಗೆ ಮರ್ಯಾದೆ. ನನಗೆ ಮರ್ಯಾದೆಯೇ ಇರಲಿ ಅನ್ನಿಸಿತು.

ನಮ್ಮನೆಯವರದು ಬೇರೆ ಧಾಟಿ. ರಿಟೈರಾಗಿ ಎರಡು ವರ್ಷವಾದರೂ ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ನಡೆಯುತ್ತಾರೆ. ತಲೆಗೆ ಕೆಂಪು ಚೌಕಳಿ ಟವೆಲ್ ಸುತ್ತಿಕೊಂಡು, ಕೈ ಹಿಂದೆ ಕಟ್ಟಿಕೊಂಡು ಹೊರಟರೆಂದರೆ ಹೊರಟರು. ತಿರುವಿನಲ್ಲಿ ಒಂದು ಸಲ ನಿಂತು ‘ಬರ್ತೀಯೋ, ಇಲ್ಲಾ ಅಲ್ಲೇ ಮನೆ ಮಾಡ್ತೀಯೋ?’ ಎಂದು ಕೂಗಿ ಬಂಡೆಗಳ ಹಿಂದೆ ಮಾಯ.

ಮೇ ತಿಂಗಳ ಮೊದಲ ವಾರ. ಹಿಂದಿನ ರಾತ್ರಿ ಮಳೆ ಬಂದಿತ್ತು. ‘ಭರಣಿ ಮಳೆ ಧರಣಿ ಎಲ್ಲಾ ಬೆಳೆ’ ಎಂದು ಗಾದೆಯೇನೋ ಇದೆ. ಕೋಲಾರದಲ್ಲಿ ಅದು ಒಂದು ವರ್ಷ ಬಂದರೆ ಇನ್ನೊಂದು ವರ್ಷ ಬರೀ ಗುಡುಗಿ ಆಂಧ್ರದ ಕಡೆ ಹೋಗಿಬಿಡುತ್ತದೆ. ಈ ಸಲ ಬಂತು. ಎರಡು ತಿಂಗಳಿಂದ ಗಾಳಿಯಲ್ಲಿ ತೇಲುತ್ತಿದ್ದ ದೂಳನ್ನೆಲ್ಲ ಒಂದೇ ರಾತ್ರಿಗೆ ಕೆಳಗಿಳಿಸಿತು. ಬೇಸಿಗೆಯಲ್ಲಿ ದೂರದ ಬೆಟ್ಟ ಕಾಣಬೇಕಾದರೆ ಇಂಥ ಬೆಳಗೇ ಆಗಬೇಕು. ಎರಡು ದಿನ ತಡೆದರೆ ಮತ್ತೆ ಎಲ್ಲಾ ಬೂದಿ ಬಣ್ಣ. ಅದಕ್ಕೇ ಬೆಳಿಗ್ಗೆ ಐದಕ್ಕೆ ಎದ್ದು, ನಾಲ್ಕು ಚಪಾತಿ ಸುತ್ತಿಕೊಂಡು, ಊರಿಗೆ ಅಂಟಿಕೊಂಡಂತಿರುವ ಬೆಟ್ಟಕ್ಕೆ ಹೊರಟೆವು. ಪುರಾಣದ ಕಡೆಯವರು ಇದನ್ನು ಶತಶೃಂಗ ಪರ್ವತ ಎನ್ನುತ್ತಾರೆ. ನೂರು ಕೋಡು. ನನ್ನ ಮೊಣಕಾಲಿನ ಪ್ರಕಾರ ಇನ್ನೂ ಜಾಸ್ತಿಯೇ ಇವೆ.

ದೇವಸ್ಥಾನದವರೆಗೆ ಜನ ಇರುತ್ತಾರೆ. ಕಾಶಿ ವಿಶ್ವೇಶ್ವರನಿಗೆ ಕೈ ಮುಗಿದು, ಕಲ್ಯಾಣಿಯಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ತಲೆಗೆ ಹಾಕಿಕೊಂಡು ಇಳಿದುಬಿಡುತ್ತಾರೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಅಂಥ ಕಡೆ ಬೇಸಿಗೆಯಲ್ಲೂ ಕಲ್ಲಿನ ಬಸವನ ಬಾಯಲ್ಲಿ ನೀರು ನಿಲ್ಲುವುದಿಲ್ಲ ಅಂದರೆ ಜನ ಗಂಗೆ ಎನ್ನದೆ ಇನ್ನೇನು ಅಂದಾರು? ನಾನೂ ಒಂದು ಫೋಟೋ ತೆಗೆದೆ. ನಿಲ್ಲದ ನೀರು ಫೋಟೋದಲ್ಲಿ ನಿಂತುಬಿಟ್ಟಿತು. ಬಸವ ಗಾಜಿನ ಕಡ್ಡಿ ಕಚ್ಚಿಕೊಂಡ ಹಾಗಿದೆ.

ಅಲ್ಲಿಂದ ಮೇಲೆ, ತೇರಹಳ್ಳಿ ಕಡೆಗೆ ಹೋಗುವ ಕಾಲುದಾರಿಯಲ್ಲಿ ಸದ್ದೇ ಇಲ್ಲ. ಎಲ್ಲೋ ಒಂದು ನವಿಲು ಕೂಗಿದರೆ ಎದುರಿನ ಬಂಡೆಯೂ ಕೂಗುತ್ತದೆ. ದಾರಿ ಎಂದರೆ ಗುಂಡುಗಳ ಸಂದಿ. ಕೆಲವು ಕಡೆ ಬಗ್ಗಬೇಕು, ಕೆಲವು ಕಡೆ ಚೀಲ ಮೊದಲು ಕಳಿಸಿ ಆಮೇಲೆ ನಾವು ಹೋಗಬೇಕು. ಈ ಕಲ್ಲುಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮೊದಲು ಇವೂ ಮೂಲೆ ಅಂಚು ಇದ್ದ ದಿಮ್ಮಿಗಳೇ. ನೀರು ಗಾಳಿ ಬಿರುಕಿನೊಳಗೆ ಇಳಿದು, ಮೂಲೆಯನ್ನು ಮೂರು ಕಡೆಯಿಂದ ತಿಂದು, ಅಂಚನ್ನು ಎರಡು ಕಡೆಯಿಂದ ತಿಂದು, ಕೊನೆಗೆ ಗುಂಡಗೆ ಮಾಡಿವೆ. ಹಿಟ್ಟು ತೊಳಸಿ ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದ ಹಾಗೆ. ಒಂದರ ಮೇಲೊಂದು ಕೂತ ರೀತಿ ನೋಡಿದರೆ ಈಗ ಬಿತ್ತು, ಈಗ ಬಿತ್ತು ಅನ್ನಿಸುತ್ತದೆ. ಬೀಳುವುದಿಲ್ಲ. ಫೋಟೋಗೆ ಇವುಗಳಷ್ಟು ಸಹನೆಯಿಂದ ಕೂರುವವರು ಇಲ್ಲ. ಆದರೂ ನಾನು ತೆಗೆದದ್ದರಲ್ಲಿ ಅರ್ಧ ಅಲುಗಾಡಿವೆ. ಅಲುಗಾಡಿದ್ದು ಬಂಡೆಯಲ್ಲ, ಅಷ್ಟೆ.

ಇನ್ನೊಂದು ಸಂಕಟ ಇದೆ. ಕಣ್ಣೆದುರು ಆಕಾಶಕ್ಕೆ ಮುಟ್ಟಿಕೊಂಡ ಬೆಟ್ಟ, ಫೋನಿಗೆ ಬರುವಷ್ಟರಲ್ಲಿ ಹೊಲದ ದಿಬ್ಬವಾಗಿರುತ್ತದೆ. ಇದಕ್ಕೆ ಫೋನನ್ನು ಬೈದು ಉಪಯೋಗವಿಲ್ಲ. ಅದರ ಲೆನ್ಸು ಅಗಲಕ್ಕೆ ನೋಡುವಂಥದ್ದು. ಮನೆ ಗೃಹಪ್ರವೇಶದಲ್ಲಿ ಹದಿನೈದು ಜನರನ್ನು ಒಂದೇ ಕೋಣೆಯಲ್ಲಿ ಹಿಡಿಸುವುದಕ್ಕೆ ಸರಿ. ಎಡಕ್ಕೆ ಬಲಕ್ಕೆ ಅಷ್ಟೊಂದು ತುಂಬಿಕೊಂಡ ಮೇಲೆ ದೂರದ್ದು ಕುಗ್ಗಲೇಬೇಕು. ನಮ್ಮ ಕಣ್ಣಾದರೋ ತನಗೆ ಬೇಕಾದ್ದನ್ನು ಮಾತ್ರ ದೊಡ್ಡದು ಮಾಡಿಕೊಂಡು, ಬೇಡದ ಕರೆಂಟ್ ತಂತಿಯನ್ನು ಸುಮ್ನೆ ಬಿಟ್ಟುಬಿಡುತ್ತದೆ. ಫೋನಿಗೆ ಆ ದಾಕ್ಷಿಣ್ಯ ಇಲ್ಲ. ತಂತಿಯನ್ನೂ ತೆಗೆಯುತ್ತದೆ, ತಂತಿಗೆ ಸಿಕ್ಕಿದ ಪ್ಲಾಸ್ಟಿಕ್ ಕವರನ್ನೂ ತೆಗೆಯುತ್ತದೆ.

ನನ್ನ ಅಣ್ಣನ ಮಗನ ಹತ್ತಿರ ದೊಡ್ಡ ಕ್ಯಾಮೆರಾ ಇದೆ. ಹಕ್ಕಿ ಹುಚ್ಚು. ‘ಅತ್ತೆ, ಕಲ್ಲುಬೆಟ್ಟದಲ್ಲಿ ಹಳದಿ ಗಂಟಲಿನ ಪಿಕಳಾರ ಸಿಕ್ಕರೆ ನನಗೆ ಕಳಿಸಿ’ ಎಂದು ಹೇಳಿದ್ದ. ದಕ್ಷಿಣ ಭಾರತದ ಇಂಥ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿಯಂತೆ ಅದು. ನಂದಿ ಬೆಟ್ಟಕ್ಕೆ ಅದನ್ನು ನೋಡಲೆಂದೇ ಜನ ಬರುತ್ತಾರೆ. ಕಕ್ಕೆ ಮರವೊಂದು ಮೈತುಂಬ ಹಳದಿ ಗೊಂಚಲು ಬಿಟ್ಟುಕೊಂಡು ನಿಂತಿತ್ತು. ಅದರೊಳಗೆ ಹಳದಿ ಹಕ್ಕಿ ಹುಡುಕುವುದು ಹೇಗೆ ಹೇಳಿ? ಏನೋ ಒಂದು ಪುರ್ರನೆ ಹಾರಿತು. ನಾನು ಒತ್ತಿದೆ. ಬಂದದ್ದು ಹಕ್ಕಿ ಕೂತಿದ್ದ ಕೊಂಬೆ. ಇಂಥ ಕೊಂಬೆಗಳು ನನ್ನ ಹತ್ತಿರ 14 ಇವೆ.

ಹಿಂದೆ ಆಗಿದ್ದರೆ ಇಷ್ಟು ಧಾರಾಳ ಎಲ್ಲಿತ್ತು? ರೋಲಿನಲ್ಲಿ 36 ಫೋಟೋ. ಮದುವೆಯಾದ ಹೊಸತರಲ್ಲಿ ನಂದಿಗೆ ಹೋದಾಗ, ಒಂದೊಂದು ಒತ್ತುವ ಮುಂಚೆಯೂ ನಮ್ಮನೆಯವರು ‘ಇದು ಬೇಕಾ?’ ಎಂದು ಕೇಳುತ್ತಿದ್ದರು. ತೊಳೆದು ಬಂದಾಗ ಒಂಬತ್ತು ಕಪ್ಪಗೆ. ಆ ಒಂಬತ್ತಕ್ಕೂ ಅವರು ಇವತ್ತಿಗೂ ನನ್ನನ್ನೇ ಅನ್ನುತ್ತಾರೆ.

ಅರ್ಧ ದಾರಿ ಕಳೆದ ಮೇಲೆ ನಾನು ನಿಂತು ತೆಗೆಯುವುದು ಬಿಟ್ಟು ಕೂತು ತೆಗೆಯತೊಡಗಿದೆ. ಕೂತರೆ ಬೇರೆಯದೇ ಲೋಕ ಕಾಣುತ್ತದೆ ಅನ್ನುವುದು ನಿಜ. ಕಾಲು ನೋವು ಅನ್ನುವುದೂ ನಿಜ. ಮಳೆಗೆ ಸೀತಾಫಲದ ಗಿಡಗಳು ಆಗಲೇ ಎಳೆ ಎಲೆ ತೋರಿಸಿದ್ದವು. ಒಣಗಿದ ಹುಲ್ಲಿನ ಬುಡದಲ್ಲಿ ಕೆಂಪು ಮಖಮಲ್ಲಿನ ಚೂರಿನಂಥ ಪುಟ್ಟ ಹುಳ ಹರಿದಾಡುತ್ತಿತ್ತು. ಮೊದಲ ಮಳೆಗಳಿಗೆ ಮಾತ್ರ ನೆಲದಿಂದ ಮೇಲೆ ಬರುವಂಥದ್ದು. ಮಂಡಿಯೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದೆ.

‘ಏಮಮ್ಮಾ, ಏಮನ್ನಾ ಪೋಯಿಂದಾ?’

ತಲೆ ಎತ್ತಿದೆ. ಕೋಲಿಗೆ ಗಲ್ಲ ಊರಿ ಒಬ್ಬ ತಾತ ನಿಂತಿದ್ದರು. ಹಿಂದೆ ಏಳೆಂಟು ಮೇಕೆ. ನಾನು ಓಲೆಯನ್ನೋ ಮೂಗುತಿಯನ್ನೋ ಕಳೆದುಕೊಂಡಿದ್ದೇನೆ ಎಂದು ಅವರಿಗೆ ಗಾಬರಿ.

‘ಏನೂ ಇಲ್ಲ ತಾತ, ಹುಳದ ಫೋಟೋ.’

ಕೋಲಾರದಲ್ಲಿ ಮಾತು ತೆಲುಗಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವುದು ಮಾಮೂಲು. ‘ಹುಳದ್ದಾ?’ ಎಂದರು. ಸ್ವಲ್ಪ ಹೊತ್ತು ಯೋಚಿಸಿ, ‘ಓತಿಕೇತ ಆಗ್ತದಾ?’ ಎಂದು ಕೇಳಿದರು. ಸಂತೆಯಲ್ಲಿ ಬದನೆ ಇಲ್ಲ, ಹೀರೆ ಆದೀತಾ ಅನ್ನುವ ಹಾಗೆ.

ಆಗಬಹುದು ಅಂದೆ. ಅವರು ಕೋಲೆತ್ತಿ ಎದುರಿನ ಗುಂಡು ತೋರಿಸಿದರು. ‘ಅದರ ಜಾಗ ಅದು. ಬಿಸಿಲು ಬಿದ್ದ ತಕ್ಷಣ ಬಂದು ಕೂರ್ತದೆ. ದಿನಾ ಅಲ್ಲೇ.’ ಬಿಸಿಲು ಬೀಳುವವರೆಗೆ ಕಾಯಬೇಕಿತ್ತು. ಚೀಲದಿಂದ ಚಪಾತಿ ತೆಗೆದೆ. ಅವರು ಟವೆಲಿನ ಗಂಟಿನಿಂದ ಒಂದು ಹಿಡಿ ಕವಳೆ ಹಣ್ಣು ಕೊಟ್ಟರು. ತಿಂದ ಮೇಲೆ ತುಟಿಗೆಲ್ಲ ಹಾಲಿನಂಥ ಅಂಟು. ಇದರ ಫೋಟೋ ತೆಗೆಯಲಿಲ್ಲ. ಕೈ ಅಂಟಂಟಾಗಿತ್ತು.

ತಾತ ಹೇಳಿದ ಹಾಗೇ ಆಯಿತು. ಬಂಡೆಯ ನೆತ್ತಿಗೆ ಬಿಸಿಲು ತಾಗಿ ಐದು ನಿಮಿಷವಾಗಿರಲಿಲ್ಲ, ಅದು ಬಂತು. ಬಂಡೆ ಓತಿಕೇತದ ಗಂಡು. ನಾನು ಬೇಲಿ ಮೇಲೆ ನೋಡಿದ ಮಾಸಲು ಓತಿಕೇತವೇ ಬೇರೆ, ಇದೇ ಬೇರೆ. ಬೆನ್ನು, ತಲೆ ಎಲ್ಲ ಕುಂಕುಮದ ಕೆಂಪು. ಪಕ್ಕೆಗಳು ಕಾಡಿಗೆ ಕಪ್ಪು. ಮುಂಗಾಲು ಊರಿ ದಂಡೆ ಹೊಡೆಯತೊಡಗಿತು. ಸ್ವಲ್ಪ ಕೆಳಗೆ ಬಂಡೆಯದೇ ಬಣ್ಣದ ಹೆಣ್ಣೊಂದು ಇತ್ತು. ಅದು ಇತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ ಅಣ್ಣನ ಮಗ ಹೇಳಿದ, ಆ ಕೆಂಪು ಕಪ್ಪು ಹೆಣ್ಣಿನ ಮುಂದೆ ಮಾತ್ರವಂತೆ. ಇನ್ನೊಂದು ಗಂಡು ಎದುರಿಗೆ ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನು ಅಧ್ಯಯನ ಮಾಡಿದ್ದಾರೆ. ನಮ್ಮನೆಯವರು ಹೆಂಡತಿ ಮುಂದೆಯೂ ಆಫೀಸರ್ ಮುಂದೆಯೂ ಒಂದೇ ಬಣ್ಣ. ಅದಕ್ಕೇ ಪ್ರಮೋಷನ್ ಬರಲಿಲ್ಲವೇನೋ.

ಹತ್ತಿರ ಹೋದರೆ ಓಡುತ್ತದೆ ಎಂದು ಕೂತಲ್ಲಿಂದಲೇ ತೆಗೆದೆ. ಹಿಂದುಗಡೆ ಮಸುಕಾಗಿ ಬರಲಿ ಎಂದು ಪೋರ್ಟ್ರೇಟ್ ಮೋಡಿಗೆ ಹಾಕಿದೆ. ಫೋನು ಓತಿಕೇತವನ್ನು ಮುಖ ಎಂದು ಒಪ್ಪಲಿಲ್ಲ. ಮಾಮೂಲಾಗಿಯೇ ಒತ್ತಿದೆ. ದೊಡ್ಡ ಕ್ಯಾಮೆರಾದಲ್ಲಾದರೆ ಓತಿಕೇತ ಒಂದೇ ಎದ್ದು ಕಂಡು, ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿರುತ್ತದೆ. ಫೋನಿನ ಸೆನ್ಸರ್ ಚಿಕ್ಕದು. ಹತ್ತಿರದ್ದು, ದೂರದ್ದು ಎಲ್ಲಾ ಒಂದೇ ಸಮ ಸ್ಪಷ್ಟವಾಗಿ ಬರುತ್ತದೆ. ಇದು ನನ್ನ ಫೋಟೋಗಳ ದೊಡ್ಡ ದೋಷ ಎಂದು ಅಣ್ಣನ ಮಗ ಯಾವಾಗಲೂ ಹೇಳುತ್ತಾನೆ. ಬಿಸಿಲಿಗೆ ಪರದೆಯ ಮೇಲೆ ಏನು ಬಂತು, ಏನು ಬಿಟ್ಟಿತು ಎಂದು ಕಾಣಲೂ ಇಲ್ಲ. ಅಂದಾಜಿನ ಮೇಲೆ ಬಿಟ್ಟು ಬಿಟ್ಟು ಮೂರು ತೆಗೆದೆ. ಎಲ್ಲಿಂದಲೋ ಕಲ್ಲು ಉರುಳಿದ ಸದ್ದಾಯಿತು. ಓತಿಕೇತ ಇಲ್ಲ.

ತೇರಹಳ್ಳಿ ತಲುಪಿದಾಗ ನಮ್ಮನೆಯವರು ಮರದ ಕಟ್ಟೆಯ ಮೇಲೆ ರಾಜನ ಹಾಗೆ ಕೂತಿದ್ದರು. ‘ಎಷ್ಟೊತ್ತೇ? ನಾನು ಬಂದು ಯಾವ ಕಾಲವಾಯ್ತು. ನೋಡು, ಒಂದು ಕಡೆನೂ ಕೂರಲಿಲ್ಲ. ಒಂದೇ ದಮ್ಮಿಗೆ ಹತ್ತಿದೆ.’ ನಾನು ಏನೂ ಹೇಳಲಿಲ್ಲ. ಉಸಿರಿರಲಿಲ್ಲ. ಫೋನು ಎತ್ತಿ ಕೆಳಗಿನ ಊರಿನ ಕಡೆ ಹಿಡಿದೆ. ಕೆರೆಗಳು ಅಲ್ಲೊಂದು ಇಲ್ಲೊಂದು ಕನ್ನಡಿ ಇಟ್ಟ ಹಾಗೆ ಹೊಳೆಯುತ್ತಿದ್ದವು. ಮಾವಿನ ತೋಪುಗಳು, ಟೊಮೆಟೊ ತೋಟಗಳು, ಅವುಗಳಾಚೆ ಹೆಸರು ಗೊತ್ತಿಲ್ಲದ ಬೆಟ್ಟಗಳು. ಅಷ್ಟರಲ್ಲಿ ಗಂಟೆ ಹತ್ತರ ಹತ್ತಿರ. ಬಿಸಿಲು ಬೆಳ್ಳಗಾಗಿ, ಬಂಡೆಗಳ ನೆರಳೆಲ್ಲ ಬುಡಕ್ಕೆ ಸೇರಿ, ಗುಂಡಗಿದ್ದದ್ದೆಲ್ಲ ತಟ್ಟೆಯಂತೆ ಕಾಣುತ್ತಿತ್ತು. ಒಂದು ಎರಡು ತೆಗೆದು ಬಿಟ್ಟೆ.

ಸಂಜೆ ಓತಿಕೇತದ ಮೂರೂ ಫೋಟೋಗಳನ್ನು ಮನೆಯವರ ಗ್ರೂಪಿಗೆ ಹಾಕಿದೆ. ಮೊದಲ ಉತ್ತರ ಅಣ್ಣನ ಮಗನದ್ದು. ‘ಸೂಪರ್ ಅತ್ತೆ. ಹಿಂದುಗಡೆ ಮೇಲೆ ಕೆಂಪಗೆ ಏನದು?’

ಎರಡು ಬೆರಳಿಂದ ದೊಡ್ಡದು ಮಾಡಿ ನೋಡಿದೆ. ಓತಿಕೇತದ ಬಾಲದ ಆಚೆ, ದಾರಿಯ ಮೇಲಿನ ತಿರುವಿನಲ್ಲಿ, ಒಂದು ಹಾಸುಬಂಡೆ. ಅದರ ಮೇಲೆ ಒಬ್ಬರು ಕೂತು ಕೆಂಪು ಚೌಕಳಿ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಎರಡನೆಯ ಫೋಟೋ ನಾಲ್ಕು ನಿಮಿಷ ಆದ ಮೇಲಿನದ್ದು. ಬಾಟಲಿ ಎತ್ತಿದ್ದಾರೆ. ಮೂರನೆಯದರಲ್ಲಿ ಕಾಲು ಚಾಚಿ ಮಲಗಿಯೇ ಬಿಟ್ಟಿದ್ದಾರೆ, ಟವೆಲ್ ಮುಖದ ಮೇಲಿದೆ.

ಫೋನು ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿದೆ.

‘ಯಾರೋ ಮೇಕೆ ಕಾಯೋರು ಇರ್ಬೇಕು’ ಎಂದರು.

‘ಮೇಕೆ ಕಾಯೋರು ನನ್ನ ಪಕ್ಕದಲ್ಲೇ ಕೂತಿದ್ರು ರೀ.’

ಅವರು ಕನ್ನಡಕ ಹಾಕಿಕೊಂಡರು. ಫೋನನ್ನು ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ಬಹಳ ಹೊತ್ತು ನೋಡಿದರು.

‘ಓತಿಕೇತ ಚೆನ್ನಾಗಿ ಬಂದಿದೆ’ ಎಂದರು.