ಕಂಪ್ಲೇಂಟ್ ಭದ್ರವಾಗಿದೆ, ಕೊಟ್ಟೋರ ಕಥೆ ಕೇಳ್ಬೇಡಿ

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ 2015ರಲ್ಲಿ ಒಂದು ಫೋನ್ ನಂಬರ್ ಶುರು ಮಾಡಿದ್ರು. ವಯಸ್ಸಾದೋರನ್ನ, ಅಂಗವಿಕಲರನ್ನ, ತಮ್ಮ ಕೆಲಸ ತಾವೇ ಮಾಡ್ಕೊಳ್ಳಕ್ಕಾಗದೇ ಇರೋ ದೊಡ್ಡೋರನ್ನ ಯಾರಾದ್ರೂ ಹೊಡೆದ್ರೆ, ಅವ್ರ ದುಡ್ಡು ಕದ್ರೆ, ಊಟ ಔಷಧಿ ಕೊಡದೇ ಹಾಗೇ ಬಿಟ್ರೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಿ ಅಂತ. ಇಡೀ ರಾಜ್ಯಕ್ಕೆ ಒಂದೇ ನಂಬರ್. ಒಳ್ಳೆ ಕೆಲಸಾನೇ, ಯಾರೂ ಇಲ್ಲ ಅನ್ನಲ್ಲ. ಆದ್ರೆ ಆಮೇಲೆ ಏನಾಯ್ತು ಅಂದ್ರೆ, ಜನ ನಿಜವಾಗ್ಲೂ ಫೋನ್ ಮಾಡಿಬಿಟ್ರು. ಸರ್ಕಾರ ಎಲ್ಲಾ ಯೋಚನೆ ಮಾಡಿತ್ತು, ಇದೊಂದನ್ನ ಬಿಟ್ಟು.

2016 ಒಂದೇ ವರ್ಷದಲ್ಲಿ ಇಂಥೋರನ್ನ ನೋಡ್ಕೊಳ್ಳೋ ಸಂಸ್ಥೆಗಳ ಬಗ್ಗೆ ರಾಜ್ಯದ ಆರೋಗ್ಯ ಇಲಾಖೆಗೆ 25 ಸಾವಿರಕ್ಕೂ ಹೆಚ್ಚು ಆರೋಪ ಬಂದಿತ್ತು, ಅದ್ರಲ್ಲಿ ನೂರಕ್ಕೆ 97 ತನಿಖೆನೇ ಆಗ್ಲಿಲ್ಲ ಅಂತ ಅಲ್ಲಿನ ಸ್ಟಾರ್ ಟ್ರಿಬ್ಯೂನ್ ಪತ್ರಿಕೆ 2017ರಲ್ಲಿ ಬರೀತು. ಹಾಗಂತ ಇಲಾಖೆಯವ್ರು ಕಂಪ್ಲೇಂಟನ್ನ ಬಿಸಾಕಿದ್ರು ಅಂತ ಮಾತ್ರ ಅನ್ಕೋಬೇಡಿ, ಪಾಪ. ಜೋಪಾನವಾಗಿ ಇಟ್ಕೊಂಡಿದ್ರು. ಪೇಪರ್ ಫೈಲು, ಫೈಲ್ ಮೇಲೆ ಫೈಲು, ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ. ಇಡೀ ಕೇಸ್ ಎಲ್ಲಿಗೆ ಬಂತು ಅಂತ ನೋಡೋಕೆ ಸರಿಯಾದ ಕಂಪ್ಯೂಟರ್ ವ್ಯವಸ್ಥೆನೇ ಇರ್ಲಿಲ್ಲ. ಓದದೇನೇ ಬಿದ್ದಿದ್ದ ಕಂಪ್ಲೇಂಟುಗಳೇ ಎರಡು ಸಾವಿರಕ್ಕಿಂತ ಜಾಸ್ತಿ. ಒಳಗಡೆ ಅಜ್ಜಿಗೆ ಬೆಡ್ ಸೋರ್ ಆಗ್ತಿದೆ, ಹೊರಗಡೆ ಫೈಲ್‌ಗೆ ಒಂದು ಗಾಯ ಆಗಿಲ್ಲ, ಮಡಿಕೆ ಸಮೇತ ಇಟ್ಟಿದ್ದಾರೆ. ದುರ್ಬಲರ ರಕ್ಷಣೆ ಅಂದ್ರೆ ಕಾಗದದ ರಕ್ಷಣೆ ಅಂತ ಯಾರೋ ಅರ್ಥ ಮಾಡ್ಕೊಂಡಿರ್ಬೇಕು. 2017ರ ಡಿಸೆಂಬರ್‌ನಲ್ಲಿ ಆರೋಗ್ಯ ಕಮಿಷನರ್ ರಾಜೀನಾಮೆ ಕೊಟ್ರು, 2018ರಲ್ಲಿ ಶಾಸನಸಭೆಯ ಆಡಿಟರ್ ಬಂದು ಝಾಡಿಸಿದ್ರು, ಬಾಕಿ ಇದ್ದಿದ್ದನ್ನೆಲ್ಲಾ ಆ ವರ್ಷ ಹೇಗೋ ಮುಗಿಸಿದ್ರು. ಈ ದುರ್ಬಲರನ್ನ ರಕ್ಷಿಸೋಕೆ ಅಂತಾನೇ ರಾಜ್ಯ ಕಾನೂನು ಮಾಡಿದ್ದು ಯಾವಾಗ ಗೊತ್ತಾ? 1980ರಲ್ಲಿ.

ಇಲ್ಲಿ ಇನ್ನೊಂದು ವಿಷಯ ಗೊತ್ತಿರ್ಬೇಕು. ಅಮೆರಿಕದಲ್ಲಿ ನರ್ಸಿಂಗ್ ಹೋಮ್ (ನಮ್ಮ ಥರ ಸಣ್ಣ ಆಸ್ಪತ್ರೆ ಅಲ್ಲ, ದಿನವಿಡೀ ನರ್ಸ್ ಆರೈಕೆ ಬೇಕಾದೋರು ಉಳ್ಕೊಳ್ಳೋ ಜಾಗ) ಬೇರೆ, ಅಸಿಸ್ಟೆಡ್ ಲಿವಿಂಗ್ (ತಮ್ಮ ರೂಮಲ್ಲಿದ್ದು ಊಟ, ಸ್ನಾನ, ಔಷಧಿಗೆ ಸಹಾಯ ತಗೊಳ್ಳೋ ಜಾಗ) ಬೇರೆ. ನರ್ಸಿಂಗ್ ಹೋಮ್‌ಗೆ 1987ರಿಂದ ಕೇಂದ್ರದ ಕಾನೂನು ಇದೆ, ಅಲ್ಲಿರೋರ ಹಕ್ಕುಗಳ ಪಟ್ಟಿನೂ ಇದೆ. ಅಸಿಸ್ಟೆಡ್ ಲಿವಿಂಗ್‌ಗೆ ಅಂಥದ್ದೇನೂ ಇಲ್ಲ, ಎಲ್ಲಾ ಆಯಾ ರಾಜ್ಯದ ಪಾಡು. ಯಾಕಂದ್ರೆ ಇದು "ಆಸ್ಪತ್ರೆ ಥರ ಅಲ್ಲ, ಮನೆ ಥರ" ಅಂತೆ. ದುಡ್ಡು ಕಟ್ಟೋವಾಗ ಇದು ಮನೆ, ಚೆಕಿಂಗ್‌ಗೆ ಯಾರಾದ್ರೂ ಬರ್ತೀವಿ ಅಂದಾಗ್ಲೂ ಮನೆ, ಆದ್ರೆ ಒಳಗಿರೋ ಮುದುಕ "ಇದು ನನ್ನ ಮನೆ, ನನ್ನ ಬಾಗ್ಲು, ನಾನ್ ಲಾಕ್ ಹಾಕ್ಕೋತೀನಿ" ಅಂದ ತಕ್ಷಣ ಇದು ಫೆಸಿಲಿಟಿ, ಇಲ್ಲಿ ಪಾಲಿಸಿ ಇದೆ.

ಮಿನ್ನೆಸೋಟಾದಲ್ಲಂತೂ ಇಂಥ ಜಾಗಗಳಿಗೆ ಅಸಿಸ್ಟೆಡ್ ಲಿವಿಂಗ್ ಅಂತ ಪ್ರತ್ಯೇಕ ಲೈಸೆನ್ಸೇ ಇರ್ಲಿಲ್ಲ. 2019ರಲ್ಲಿ ಕಾನೂನು ಪಾಸಾಗಿ 2021ರ ಆಗಸ್ಟ್ 1ಕ್ಕೆ ಜಾರಿಗೆ ಬಂತು. ಅದನ್ನ ಕೂತ್ಕೊಂಡು ಓದಿದ್ರೆ ಮಜಾ ಬರತ್ತೆ. ಮಜಾ ಅನ್ನೋ ಮಾತು ತಪ್ಪಿರ್ಬೋದು. ಸಹಾಯಕ್ಕೆ ಅಂತ 24 ಗಂಟೆನೂ ಒಬ್ಬರಾದ್ರೂ ಇರ್ಬೇಕು ಅಂತಾರೆ, ಸರಿ, ಆ ಮನುಷ್ಯ ಹೇಗಿರ್ಬೇಕು ಅಂತ ಕೆಳಗಡೆ ಪಟ್ಟಿ ಕೊಟ್ಟಿದ್ದಾರೆ. ಮೊದಲನೇ ಅರ್ಹತೆ: ಎಚ್ಚರವಾಗಿರ್ಬೇಕು. ಹ್ಞೂಂ, ನಿದ್ದೆ ಮಾಡ್ತಿರ್ಬಾರ್ದು ಅಂತ ಕಾನೂನಿನಲ್ಲಿ ಬರೆದಿದ್ದಾರೆ. ಎರಡನೇದು, ಅದೇ ಬಿಲ್ಡಿಂಗ್‌ನಲ್ಲೋ ಅದಕ್ಕೆ ಅಂಟಿಕೊಂಡಿರೋ ಬಿಲ್ಡಿಂಗ್‌ನಲ್ಲೋ ಇಲ್ಲಾ ಅದೇ ಕ್ಯಾಂಪಸ್‌ನಲ್ಲೋ ಇರ್ಬೇಕು. ಮೂರನೇದು, ಅಲ್ಲಿರೋರ ಜೊತೆ ಮಾತಾಡೋಕೆ ಬರ್ಬೇಕು. ನಾಲ್ಕು, ಸಹಾಯ ಮಾಡ್ಬೇಕು, ಆಗ್ಲಿಲ್ಲ ಅಂದ್ರೆ ಮಾಡೋರನ್ನ ಕರೀಬೇಕು. ಐದು, ಹೇಳಿದ ಹಾಗೆ ಮಾಡೋ ಶಕ್ತಿ ಇರ್ಬೇಕು. ಇಷ್ಟೂ ಹೊಂದಿಸಿ ಎದುರಿಗೆ ಇಟ್ಕೊಂಡು ನೋಡಿ, ಒಬ್ಬ ಸಾಮಾನ್ಯ ಮನುಷ್ಯ ಆಗ್ತಾನೆ, ಅಷ್ಟೇ. ಯಾರೂ ಸುಮ್ನೆ ಕೂತ್ಕೊಂಡು "ಕೆಲಸಗಾರ ಎಚ್ಚರವಾಗಿರತಕ್ಕದ್ದು" ಅಂತ ಬರಿಯಲ್ಲ ಸ್ವಾಮಿ, ಬರೀಬೇಕಾದ ಪರಿಸ್ಥಿತಿ ಬಂದ್ರೇನೇ ಬರಿಯೋದು. (ಇಲ್ಲಿ ಕೆಲಸ ಮಾಡೋರನ್ನ ನಾನು ಬೈತಿಲ್ಲ. ಕಮ್ಮಿ ಸಂಬಳಕ್ಕೆ ಡಬಲ್ ಶಿಫ್ಟ್ ಮಾಡಿಸ್ಕೊಂಡು, ಒಂದು ಫ್ಲೋರಿಗೆ ಒಬ್ಳನ್ನೇ ಬಿಟ್ಟು, ಆಮೇಲೆ ಅವಳ ಕಣ್ಣು ಮುಚ್ಚಿದ್ರೆ ಅವಳೇ ತಪ್ಪಿತಸ್ಥೆ ಅನ್ನೋರ ಬಗ್ಗೆ ಹೇಳ್ತಿದೀನಿ. ಅವ್ರು ಆರಾಮಾಗಿ ಮನೇಲಿ ಮಲಗಿರ್ತಾರೆ, ಅದಕ್ಕೆ ಕಾನೂನಿನ ಅಡ್ಡಿ ಇಲ್ಲ.)

ಅದೇ ಕಾನೂನಲ್ಲಿ ಹಕ್ಕುಗಳ ಪಟ್ಟಿನೂ ಇದೆ. ತಮ್ಮ ರೂಮಿಗೆ ಲಾಕ್ ಹಾಕ್ಕೋಬೋದು. ಯಾರು ನೋಡಕ್ಕೆ ಬರ್ಬೇಕು ಅಂತ ತಾವೇ ಹೇಳ್ಬೋದು. ಎಂಬತ್ತು ವರ್ಷ ಬದುಕಿ, ಮಕ್ಕಳನ್ನ ಸಾಕಿ, ಟ್ಯಾಕ್ಸ್ ಕಟ್ಟಿ, ಕೊನೆಗೆ ಬಾಗಿಲಿಗೆ ಬೀಗ ಹಾಕ್ಕೊಳ್ಳೋ ಪರ್ಮಿಶನ್ ಸಿಕ್ತು, ಅಭಿನಂದನೆಗಳು! ಅದಕ್ಕೂ ಒಂದು ಬಾಲ ಇದೆ: ಅವರ ಆರೋಗ್ಯ ಮತ್ತು ಸುರಕ್ಷತೆಗೆ ಅಗತ್ಯ ಅನ್ಸಿದ್ರೆ ಇದನ್ನ ಕಮ್ಮಿ ಮಾಡ್ಬೋದು. ಅವರ ಸುರಕ್ಷತೆಗೆ ಅಂತ ಹೇಳ್ಬಿಟ್ರೆ ಮುಗೀತು, ಆ ಮಾತಿನ ಮುಂದೆ ಯಾವ ಮಗ ಮಗಳು ವಾದ ಮಾಡ್ತಾರೆ? ಆದ್ರೂ ಒಂದು ನಿಜವಾದ ಒಳ್ಳೇದಿದೆ ಅನ್ಲೇಬೇಕು, ಖಾಲಿ ಮಾಡಿ ಅಂತ ನೋಟಿಸ್ ಕೊಡೋಕೆ ಮುಂಚೆ ಕೂತು ಒಂದು ಮೀಟಿಂಗ್ ಮಾಡ್ಲೇಬೇಕು. ಹೊರಗೆ ಹಾಕೋ ಮುಂಚೆ ಕುರ್ಚಿ ಹಾಕ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಕ್ಯಾಮೆರಾ ಕಥೆ. ಅಮ್ಮನ ಕೈ ಮೇಲೆ ನೀಲಿ ಗುರುತು ಕಾಣತ್ತೆ, ಕೇಳಿದ್ರೆ ಬಿದ್ರು ಅಂತಾರೆ, ಎಲ್ಲಿ ಬಿದ್ರು ಅಂದ್ರೆ ಗೊತ್ತಿಲ್ಲ, ಅಮ್ಮನ್ನ ಕೇಳೋಣ ಅಂದ್ರೆ ಅವ್ರಿಗೆ ಮರೆವಿನ ಕಾಯಿಲೆ. ಸರಿ, ರೂಮಲ್ಲಿ ಒಂದು ಕ್ಯಾಮೆರಾ ಇಡೋಣ ಅಂದ್ರೆ ಪ್ರೈವಸಿ ನೆನಪಾಗತ್ತೆ. ಬಾಗಿಲು ತಟ್ಟದೇ ಒಳಗೆ ನುಗ್ಗೋವಾಗ, ಬಾಗಿಲು ತೆರೆದಿಟ್ಟೇ ಬಟ್ಟೆ ಬದಲಾಯಿಸೋವಾಗ ನೆನಪಾಗದೇ ಇದ್ದ ಪ್ರೈವಸಿ! ಅದಕ್ಕೇ 2020ರ ಜನವರಿ 1ರಿಂದ ಕ್ಯಾಮೆರಾ ಇಡೋ ಹಕ್ಕು ಕಾನೂನಿನಲ್ಲಿ ಬಂತು. ಒಪ್ಪಿಗೆ ಫಾರ್ಮ್ ತುಂಬ್ಬೇಕು, ರೂಮಲ್ಲಿ ಇನ್ನೊಬ್ರಿದ್ರೆ ಅವರದ್ದೂ ಒಪ್ಪಿಗೆ ಬೇಕು, ಕ್ಯಾಮೆರಾ ಇರ್ಬೋದು ಅಂತ ಸಂಸ್ಥೆಯವ್ರು ಎಂಟ್ರೆನ್ಸ್‌ನಲ್ಲಿ ಬೋರ್ಡ್ ಹಾಕ್ಬೇಕು. ಇದೆಲ್ಲಾ ಸರಿ. ಆದ್ರೆ ಇನ್ನೊಂದು ಸಾಲಿದೆ, ಸಂಸ್ಥೆಯವ್ರು ಸೇಡು ತೀರಿಸ್ಕೋತಾರೆ ಅನ್ನೋ ಭಯ ಇದ್ರೆ 14 ದಿನ ಸಂಸ್ಥೆಗೆ ಹೇಳದೇನೇ ಕ್ಯಾಮೆರಾ ಇಡ್ಬೋದು. ಯೋಚನೆ ಮಾಡಿ ನೋಡಿ, ಲೈಸೆನ್ಸ್ ಕೊಡೋ ಸರ್ಕಾರಾನೇ "ಇವ್ರು ಸೇಡು ತೀರಿಸ್ಕೋಬೋದು, ಹದಿನಾಲ್ಕು ದಿನ ಕದ್ದು ನೋಡ್ಕೊಳ್ಳಿ" ಅಂತ ಕಾನೂನು ಪುಸ್ತಕದಲ್ಲಿ ಅಚ್ಚು ಹಾಕಿಸಿದೆ. ಬೇಲಿಗೆ ಲೈಸೆನ್ಸ್ ಕೊಟ್ಟು, ಹೊಲದವನ ಕೈಗೆ ದುರ್ಬೀನು ಕೊಟ್ಟ ಹಾಗೆ. ಹದಿನೈದನೇ ದಿನದಿಂದ ಹೇಳಿ ಕೇಳಿ ಹೆದರ್ಕೋಬೇಕು.

ಮಿನ್ನೆಸೋಟಾದ ಮೇಲೆ ಇಷ್ಟು ಬಿದ್ದಿದ್ದು ಅನ್ಯಾಯ ಅಂತ ಅನ್ಸಿದ್ರೆ ಉಳಿದೋರನ್ನೂ ಕೇಳೋಣ. ಕೇಂದ್ರ ಸರ್ಕಾರದ ಲೆಕ್ಕಪತ್ರ ನೋಡೋ ಜಿಎಒ ಕೇಳೇ ಬಿಡ್ತು. ಬಡವರ ಚಿಕಿತ್ಸೆಗೆ, ಆರೈಕೆಗೆ ಸರ್ಕಾರ ನಡೆಸೋ ಮೆಡಿಕೇಡ್ ಯೋಜನೆಯ ದುಡ್ಡು, ಅಂದ್ರೆ ಜನರ ತೆರಿಗೆ ದುಡ್ಡು, 2014ರಲ್ಲಿ 48 ರಾಜ್ಯಗಳಲ್ಲಿ ಅಸಿಸ್ಟೆಡ್ ಲಿವಿಂಗ್‌ಗೆ ಹೋಗಿತ್ತು, ಒಟ್ಟು ಸಾವಿರ ಕೋಟಿ ಡಾಲರ್‌ಗಿಂತ ಜಾಸ್ತಿ. ನಿಮ್ಮಲ್ಲಿ ಹೊಡೆತ, ನಿರ್ಲಕ್ಷ್ಯ, ಅನುಮಾನದ ಸಾವು ಇಂಥವು ಎಷ್ಟಾಯ್ತು ಹೇಳ್ರಪ್ಪಾ ಅಂತ ಕೇಳಿದ್ರೆ 26 ರಾಜ್ಯಗಳು ಹೇಳಕ್ಕಾಗಲ್ಲ ಅಂದ್ವು. 2018ರ ಜನವರಿ ರಿಪೋರ್ಟ್ ಇದು. ಒಬ್ಬರದ್ದು ಡೇಟಾ ಸಿಸ್ಟಮ್ ಇಲ್ಲ, ಇನ್ನೊಬ್ಬರದ್ದು ಸಿಸ್ಟಮ್ ಇದೆ, ಅದ್ರಲ್ಲಿ ಅಸಿಸ್ಟೆಡ್ ಲಿವಿಂಗ್ ಅಂತ ಬೇರೆ ಮಾಡಿ ತೆಗಿಯಕ್ಕಾಗಲ್ಲ. ಕೊಟ್ಟ ದುಡ್ಡು ಎಷ್ಟು ಅಂತ ಗೊತ್ತು, ಅದರಲ್ಲಿ ಸಾಕಿದ ಜನಕ್ಕೆ ಏನಾಯ್ತು ಅಂತ ಗೊತ್ತಿಲ್ಲ. ಕೆಲವು ರಾಜ್ಯಗಳಲ್ಲಿ ಕಾರಣ ಗೊತ್ತಿಲ್ಲದ ಸಾವನ್ನ ಗಂಭೀರ ಘಟನೆ ಅಂತಾನೇ ಲೆಕ್ಕಕ್ಕೆ ತಗೊಳ್ತಿರ್ಲಿಲ್ಲ. ಸತ್ತೋರು ಕಂಪ್ಲೇಂಟ್ ಕೊಟ್ಟಿಲ್ಲ ಅಂತ ಇರ್ಬೇಕು.

2024ರ ಜನವರಿಯಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ವಯಸ್ಸಾದೋರ ವಿಷಯ ನೋಡೋ ಕಮಿಟಿ ಇದರ ಬಗ್ಗೆ ವಿಚಾರಣೆ ನಡೆಸ್ತು, ಅಸಿಸ್ಟೆಡ್ ಲಿವಿಂಗ್ ಬಗ್ಗೆ ಇಂಥದ್ದು ನಡೆದು ಇಪ್ಪತ್ತು ವರ್ಷ ಆಗಿತ್ತಂತೆ. ಕಮಿಟಿ ಅಧ್ಯಕ್ಷರು ಜನರಿಗೆ ಹೇಳಿದ್ರು, ನಿಮ್ಮ ಅನುಭವ ಬರೆದು ಕಳಿಸಿ, ಬಿಲ್ಲೂ ಕಳಿಸಿ ಅಂತ. ಜನ ಕಳಿಸಿರ್ತಾರೆ, ಅವ್ರಿಗೆ ಅಭ್ಯಾಸ ಇದೆ. ಫೈಲ್ ಇಡೋಕೆ ಜಾಗ ಮಾಡ್ಕೊಂಡಿದ್ರೆ ಸಾಕು.